ಶಾಸನದ ದತ್ತಾಂಶಕ್ಕೆ ನೆಲೆ: ಹಾರ್ಡ್ ಡಿಸ್ಕೋ, ಕ್ಲೌಡೋ, ಸಾರ್ವಜನಿಕ ಭಂಡಾರವೋ?

ಬಾರ್ಕೂರಿನ ಶಾಸನಗಳ ಛಾಯಾಚಿತ್ರ, ಅಳತೆ, ಕ್ಷೇತ್ರ ಟಿಪ್ಪಣಿಗಳನ್ನು ಎಲ್ಲಿ ಕಾಪಿಡಬೇಕೆಂದು ಉಡುಪಿಯ ಸಂಶೋಧಕ ಮಿತ್ರರೊಬ್ಬರು ಕೇಳಿದ್ದಾರೆ.

ಖರ್ಚಿನಲ್ಲಿ ಹಾರ್ಡ್ ಡಿಸ್ಕ್ ಒಮ್ಮೆಗೆ ಮುಗಿಯುತ್ತದೆ. ಕ್ಲೌಡ್‌ಗೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕಾದ್ದರಿಂದ, ಅನುದಾನ ಮುಗಿದ ಮೇಲೆ ಅದನ್ನು ಭರಿಸುವವರು ಯಾರೆಂಬುದನ್ನು ಈಗಲೇ ನಿರ್ಧರಿಸಬೇಕು. ಸಂಶೋಧಕರು ತಮ್ಮ ದತ್ತಾಂಶವನ್ನು ಇತರರಿಗೂ ಸಿಗುವಂತೆ ಅಂತರಜಾಲದಲ್ಲಿ ಇರಿಸುವ ಸಾರ್ವಜನಿಕ ಭಂಡಾರ, ಉದಾಹರಣೆಗೆ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ 2013ರಿಂದ ನಡೆಸುತ್ತಿರುವ ಝೆನೋಡೋ, ಉಚಿತ. ಅಲ್ಲಿ ತೆರಬೇಕಾದ ಬೆಲೆ ಶ್ರಮ. ‘ಐಎಂಜಿ 0412’ ಎಂಬ ಕಡತದಲ್ಲಿರುವುದು ಯಾವ ಕಲ್ಲು, ಅದರ ಯಾವ ಮುಖ, ಬೆಳಕು ಯಾವ ಕಡೆಯಿಂದ ಬಿದ್ದಿತ್ತು, ಚಿತ್ರ ತೆಗೆದ ದಿನ ಯಾವುದು ಎಂದು ಬರೆದಿಡದಿದ್ದರೆ, ಮುಂದಿನವರಿಗೆ ಅದು ಬರಿಯ ಕಲ್ಲಿನ ಚಿತ್ರ. ಈ ಶ್ರಮ ಖಂಡಿತ ಸಾರ್ಥಕ, ಏಕೆಂದರೆ ಸವೆದ ಅಕ್ಷರ ಮರಳಿ ಬಾರದು, ಒಮ್ಮೆ ಅಗೆದ ಉತ್ಖನನದ ಪದರವೂ ಹಾಗೆಯೇ.

ಬಾಳಿಕೆಯಲ್ಲಿ ಡಿಸ್ಕ್ ಹಿಂದೆ. ಬೀರುವಿನಲ್ಲಿಟ್ಟಿದ್ದ ನನ್ನದೊಂದು ಡಿಸ್ಕ್ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ತೆರೆಯದಾಯಿತು.

ಕ್ಷೇತ್ರಕಾರ್ಯ ಇನ್ನೂ ನಡೆಯುತ್ತಿದ್ದರೆ ಬೇರೆ ಬೇರೆ ಮನೆಗಳಲ್ಲಿಟ್ಟ ಎರಡು ಡಿಸ್ಕ್ ಮತ್ತು ಕ್ಲೌಡ್ ಅನುಕೂಲ. ಕೆಲಸ ಮುಗಿದು ಇತರರೂ ಉಲ್ಲೇಖಿಸಬೇಕೆಂದಿದ್ದರೆ ಭಂಡಾರವೇ ಸೂಕ್ತ. ಕಾವಲಿಲ್ಲದ ಶಾಸನಗಳಿರುವ ನಿಖರ ಸ್ಥಳವನ್ನು ಮಾತ್ರ ಅಲ್ಲಿ ಎಲ್ಲರಿಗೂ ತೆರೆದಿಡದೆ, ಕೋರಿದವರಿಗಷ್ಟೇ ಕೊಡುವಂತೆ ನಿರ್ಬಂಧಿಸಿರಿ.