ಟ್ಯಾಂಕ್ ಲೆವೆಲ್ ನೋಡೋಕೆ ಪ್ರೋಬ್, ಫ್ಲೋಟ್, ಅಲ್ಟ್ರಾಸಾನಿಕ್: ಮೂರೂ ಹಾಕಿ ನೋಡಿದ್ಮೇಲೆ

ಓವರ್‌ಹೆಡ್ ಟ್ಯಾಂಕ್ ತುಂಬಿದ ತಕ್ಷಣ ಮೋಟಾರ್ ತಾನೇ ಆಫ್ ಆಗ್ಬೇಕು, ಎಷ್ಟು ನೀರಿದೆ ಅಂತ ಫೋನಲ್ಲೂ ಕಾಣ್ಬೇಕು, ಬೇಕಿದ್ದಿದ್ದು ಇಷ್ಟೇ. ಬೋರ್ಡ್ ಎಲ್ಲದಕ್ಕೂ ಒಂದೇ, ವೈಫೈ ಇರೋ ಪುಟ್ಟ ಕಂಟ್ರೋಲರ್ ನೋಡ್‌ಎಂಸಿಯು, ಹಂಗಾಗಿ ಇಲ್ಲಿ ಹೋಲಿಕೆ ಬರೀ ಸೆನ್ಸರ್‌ಗಳದ್ದು.

ಪ್ರೋಬ್ ಅಂದ್ರೆ ನೀರಲ್ಲಿ ಬೇರೆ ಬೇರೆ ಎತ್ತರಕ್ಕೆ ವೈರ್ ಇಳಿಬಿಟ್ಟು, ಒಂದೊಂದಕ್ಕೆ ಒಂದು ಬಿಸಿ547 ಟ್ರಾನ್ಸಿಸ್ಟರ್, ನೀರು ಮುಟ್ಟಿದ್ರೆ ಉರಿಯೋ ಒಂದು ಎಲ್ಇಡಿ, ಕಾಲೇಜಲ್ಲಿ ಎಲ್ರೂ ಮಾಡೋ ಆ ಪ್ರಾಜೆಕ್ಟೇ. ಖರ್ಚು ಏನೂ ಇಲ್ಲ, ಆದ್ರೆ ಸದಾ ಡಿಸಿ (ಒಂದೇ ದಿಕ್ಕಿನ ಕರೆಂಟ್) ಹರೀತಿದ್ರೆ ಎಲೆಕ್ಟ್ರೊಲಿಸಿಸ್ ಆಗಿ ಪಾಸಿಟಿವ್ ಕಡೆ ತಾಮ್ರ ಹಸಿರಾಗಿ ಸವೆದುಹೋಗತ್ತೆ, ಅದು ಸೇರೋದೂ ನಾವು ಬಳಸೋ ನೀರಿಗೇ. ಸ್ಟೇನ್‌ಲೆಸ್ ಸ್ಕ್ರೂ ಹಾಕಿ ರೀಡಿಂಗ್ ತಗೊಳ್ಳೋವಾಗ ಮಾತ್ರ ಕರೆಂಟ್ ಕೊಟ್ರೆ ಬಾಳಿಕೆ ಜಾಸ್ತಿ, ಆದ್ರೂ ಬೋರ್‌ವೆಲ್ ನೀರಿನ ಉಪ್ಪು ಕಟ್ಕೊಳ್ಳೋದು ತಪ್ಪಲ್ಲ.

ಅಲ್ಟ್ರಾಸಾನಿಕ್ ಅಂದ್ರೆ ಶಬ್ದ ಕಳಿಸಿ, ಅದು ನೀರಿಗೆ ಬಡಿದು ವಾಪಸ್ ಬರೋಕೆ ಹಿಡಿಯೋ ಸಮಯದಿಂದ ದೂರ ಅಳೆಯೋ ಸೆನ್ಸರ್. ಇದ್ರಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಎಲ್ಲಿ ಕೇಳಿದ್ರೂ ಮೊದಲು ಕೈಗೆ ಕೊಡೋದು ಎಚ್‌ಸಿ-ಎಸ್‌ಆರ್04. 2 ಸೆಂಟಿಮೀಟರಿಂದಲೇ ಅಳೆಯತ್ತೆ, ಮೇಜಿನ ಮೇಲೆ ಸೂಪರ್. ಟ್ಯಾಂಕ್ ಮುಚ್ಚಳದ ಕೆಳಗೆ ಹಾಕಿದ್ರೆ ಆವಿ ಹನಿಗಟ್ಟಿ ಜಾಲರಿ ಒಳಗೆ ಇಳಿದು ಏನೇನೋ ನಂಬರ್ ಶುರು. ಇನ್ನೊಂದೇನಂದ್ರೆ ಇದರ ಎಕೋ ಪಿನ್ (ಬೋರ್ಡಿಗೆ ಸಿಗ್ನಲ್ ಕೊಡೋದು) 5 ವೋಲ್ಟ್, ನೋಡ್‌ಎಂಸಿಯು 3.3, ವೋಲ್ಟೇಜ್ ಇಳಿಸೋಕೆ ಮಧ್ಯೆ 1ಕೆ-2ಕೆ ರೆಸಿಸ್ಟರ್ ಡಿವೈಡರ್ ಹಾಕ್ಲೇಬೇಕು.

ಇದರ ವಾಟರ್‌ಪ್ರೂಫ್ ಅಣ್ಣ ಜೆಎಸ್‌ಎನ್-ಎಸ್‌ಆರ್04ಟಿ. ಕಾರಿನ ಪಾರ್ಕಿಂಗ್ ಸೆನ್ಸರ್ ಥರದ್ದೇ ತಲೆ, ತೇವಕ್ಕೆ ಕೇರ್ ಮಾಡಲ್ಲ, ಆದ್ರೆ 20-25 ಸೆಂ.ಮೀ. ಒಳಗೆ ಬಂದ ನೀರು ಅದಕ್ಕೆ ಕಾಣೋದೇ ಇಲ್ಲ. ಟ್ಯಾಂಕ್ ತುಂಬೋ ಹೊತ್ತಿಗೆ, ಅಂದ್ರೆ ಸರಿಯಾಗಿ ಬೇಕಾದಾಗಲೇ ಕುರುಡು! ಮುಚ್ಚಳದ ಮೇಲೆ ಅಗಲದ ಪಿವಿಸಿ ಪೈಪ್ ತುಂಡು ನಿಲ್ಲಿಸಿ ಸೆನ್ಸರ್ ಎತ್ತರಿಸ್ಬೇಕು, ಸಣ್ಣ ಪೈಪಾದ್ರೆ ಪೈಪಿನ ಗೋಡೆಗೇ ಶಬ್ದ ಬಡಿದು ಸುಳ್ಳು ಲೆಕ್ಕ ಬರತ್ತೆ. ಬಿಸಿಲಿನ ಲೆಕ್ಕಾನೂ ಇದೆ, ಪ್ರತಿ ಡಿಗ್ರಿಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರೋದ್ರಿಂದ 20 ಡಿಗ್ರಿ ವ್ಯತ್ಯಾಸಕ್ಕೆ ಒಂದು ಮೀಟರಲ್ಲಿ 3 ಸೆಂ.ಮೀ. ಮೇಲೇ ಆಚೀಚೆ. ಫೋನಲ್ಲಿ ಪರ್ಸೆಂಟ್ ತೋರ್ಸೋಕೆ ಅಷ್ಟು ನಡಿಯತ್ತೆ ಬಿಡಿ.

ಫ್ಲೋಟ್ ಸ್ವಿಚ್ ನೋಡೋಕೆ ಪೆದ್ದು. ಕಡ್ಡಿ ಒಳಗೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ರ ಬಂದ್ರೆ ಕೆಲಸ ಮಾಡೋದು), ತೇಲೋ ಬಿಲ್ಲೇಲಿ ಮ್ಯಾಗ್ನೆಟ್, ಅಷ್ಟೇ. ಎಷ್ಟು ನೀರಿದೆ ಅಂತ ಹೇಳಲ್ಲ, ತುಂಬಿದ್ಯಾ ಇಲ್ವಾ ಅಂತ ಮಾತ್ರ. ಆದ್ರೆ ಕೋಡ್ ಬೇಡ, ತೇವದ ಭಯ ಇಲ್ಲ. ಬಿಲ್ಲೆ ತೆಗೆದು ತಿರುಗಿಸಿ ಹಾಕಿದ್ರೆ ಸ್ವಿಚ್ ಉಲ್ಟಾ ಕೆಲಸ ಮಾಡತ್ತೆ, ಹಾಗಾಗಿ ತುಂಬಿದಾಗ ಓಪನ್ ಆಗೋ (ಸರ್ಕ್ಯೂಟ್ ಕಟ್ ಆಗೋ) ಥರ ಇಟ್ಕೊಳ್ಳಿ, ಇಲಿ ವೈರ್ ಕಡಿದ್ರೂ ಮೋಟಾರ್ ನಿಲ್ಲತ್ತೆ. ಪಾಚಿ, ಉಪ್ಪು ಕಟ್ಟಿದ್ರೆ ಮಾತ್ರ ಬಿಲ್ಲೆ ಸಿಕ್ಕಾಕ್ಕೊಳತ್ತೆ, ಟ್ಯಾಂಕ್ ತೊಳೆಯೋವಾಗ ಒಂದ್ಸಲ ಉಜ್ಜಿ.

ಈಗ ನಮ್ಮನೇಲಿ ಮೋಟಾರ್ ಆಫ್ ಮಾಡೋದು ಫ್ಲೋಟು, ಫೋನಿಗೆ ನಂಬರ್ ಕಳ್ಸೋದು ಜೆಎಸ್‌ಎನ್, ಪ್ರೋಬ್ ಬಿಚ್ಚಿಟ್ಟಾಯ್ತು. ಯಾವ್ದೇ ಹಾಕಿ, ಮೋಟಾರನ್ನ ಬೋರ್ಡ್ ಜೊತೆ ಬಳಸೋ ಆ ನೀಲಿ 10 ಆಂಪ್ ರಿಲೇಗೆ (ಬೋರ್ಡ್ ಆನ್-ಆಫ್ ಮಾಡೋ ಸಣ್ಣ ಸ್ವಿಚ್) ನೇರ ಕೊಡ್ಬೇಡಿ, ಸ್ಟಾರ್ಟಿಂಗ್ ಕರೆಂಟಿಗೆ ಕಾಂಟ್ಯಾಕ್ಟ್ ಅಂಟ್ಕೊಂಡ್ರೆ ಯಾವ ಸೆನ್ಸರ್ ಇದ್ದೂ ಆಫ್ ಆಗಲ್ಲ, ಮಧ್ಯೆ ಒಂದು ಕಾಂಟ್ಯಾಕ್ಟರ್ (ಜಾಸ್ತಿ ಕರೆಂಟ್ ತಡೆಯೋ ದೊಡ್ಡ ರಿಲೇ) ಇರ್ಲಿ, ವೈರಿಂಗ್ ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲೇ ಹಾಕ್ಸಿ.