ಓಡಿನ್: ಮಾಮೂಲಿಯೋ, ಪ್ಯಾಚ್ ಮಾಡಿದ್ದೋ?

ಸ್ಯಾಮ್‌ಸಂಗ್ ಫೋನಿಗೆ ಫರ್ಮ್‌ವೇರ್ (ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್) ಹಾಕಲು ಕೂತಿದ್ದೀರಾ? ಅದಕ್ಕೆ ಬಳಸುವ ವಿಂಡೋಸ್ ಪ್ರೋಗ್ರಾಮೇ ಓಡಿನ್. ಮಾಮೂಲಿ ಓಡಿನ್ ತುಂಬ ಕಟ್ಟುನಿಟ್ಟು. ಫೈಲಿನ ಎಂಡಿ5 (ಫೈಲ್ ಕೆಟ್ಟಿಲ್ಲವೆಂದು ಖಚಿತಪಡಿಸುವ ಗುರುತು ಸಂಖ್ಯೆ) ತಾಳೆಯಾಗದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಕಿರಿಕಿರಿ ಅನಿಸಬಹುದು. ಆದರೆ ಅರ್ಧಂಬರ್ಧ ಡೌನ್‌ಲೋಡ್ ಆದ ಫೈಲನ್ನು ತಡೆಯುವುದು ಅದೇ ಅಲ್ವಾ?

ಪ್ಯಾಚ್ ಮಾಡಿದ, ಅಂದರೆ ಹೊರಗಿನವರು ತಿದ್ದಿದ ಓಡಿನ್ ಇಂಥ ಕೆಲವು ತಪಾಸಣೆಗಳನ್ನು ಬಿಟ್ಟುಬಿಡುತ್ತದೆ. ಕ್ಯಾರಿಯರ್ (ಮೊಬೈಲ್ ಸೇವಾ ಕಂಪನಿ) ಫರ್ಮ್‌ವೇರ್ ತೆಗೆದು ಅದೇ ಫೋನಿನ ಅನ್‌ಲಾಕ್ಡ್ (ಯಾವ ಕಂಪನಿಗೂ ಸೇರದ) ಫರ್ಮ್‌ವೇರ್ ಹಾಕುವಾಗ ಜನ ಇದನ್ನೇ ಹುಡುಕುತ್ತಾರೆ. ಒಂದು ಮಾತು ನೆನಪಿರಲಿ: ಅದು ಸಡಿಲ ಮಾಡುವುದು ಕಂಪ್ಯೂಟರ್ ಕಡೆಯ ಕಾವಲನ್ನು ಮಾತ್ರ. ಫೋನಿನ ಬೂಟ್‌ಲೋಡರ್ (ಫೋನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ತನ್ನ ಪರೀಕ್ಷೆ ಬಿಡುವುದಿಲ್ಲ. ಫೋನಿನಲ್ಲಿ ಬೂಟ್‌ಲೋಡರಿನ 5ನೇ ರಿವಿಷನ್ (ಆವೃತ್ತಿ) ಇದ್ದು ನೀವು 4ರದ್ದು ಹಾಕಲು ಹೋದರೆ, ಡೌನ್‌ಲೋಡ್ ಮೋಡ್ (ಫರ್ಮ್‌ವೇರ್ ಹಾಕುವಾಗ ಫೋನ್ ಇರುವ ಸ್ಥಿತಿ) ಪರದೆಯ ಮೇಲೆ ಪುಟ್ಟ ಅಕ್ಷರದಲ್ಲಿ ‘ಎಸ್‌ಡಬ್ಲ್ಯೂ ರೆವ್ ಚೆಕ್ ಫೇಲ್’ ಅಂತ ಬರುತ್ತದೆ. ಯಾವ ಪ್ಯಾಚ್ ಹಾಕಿದ ಓಡಿನ್ ಬಂದರೂ ಅಲ್ಲಿ ಆಟ ನಡೆಯುವುದಿಲ್ಲ. ಇನ್ನು, ಯಾರೋ ತಿದ್ದಿದ ಇಎಕ್ಸ್‌ಇ ಫೈಲು; ಒಳಗೆ ಇನ್ನೇನು ಸೇರಿಸಿದ್ದಾರೋ! ನಾನಾದರೆ ಹಳೇ ಲ್ಯಾಪ್‌ಟಾಪಿನಲ್ಲೇ ಓಡಿಸುತ್ತೇನೆ.

ಲಿನಕ್ಸ್ ಬಳಸುವವರಿಗೆ ಇದೇ ಕೆಲಸಕ್ಕೆ ಹೈಮ್‌ಡಾಲ್ ಇದೆ. ಓಪನ್ ಸೋರ್ಸ್, ಆದರೆ ಹೊಸ ಫೋನುಗಳಿಗೆ ನೆಚ್ಚಿಕೊಳ್ಳುವಂತಿಲ್ಲ.

ನನ್ನ ಆಯ್ಕೆ ಮೊದಲು ಮಾಮೂಲಿಯೇ. ಅದು ‘ಫೇಲ್’ ಅಂದರೆ ಕೇಬಲ್ ಬದಲಿಸಿ, ಫೈಲ್ ಮತ್ತೆ ಇಳಿಸಿಕೊಳ್ಳಿ. ಸುಮ್ನೆ ಪ್ಯಾಚ್‌ಗೆ ಹಾರಬೇಡಿ. ಯಾವುದೇ ಓಡಿನ್ ಆಗಲಿ, ಡೇಟಾ ಉಳಿಯಬೇಕಿದ್ದರೆ ಸಿಎಸ್‌ಸಿ (ದೇಶ, ಕ್ಯಾರಿಯರಿಗೆ ತಕ್ಕ ಸೆಟ್ಟಿಂಗ್‌ಗಳ ಫೈಲ್) ಜಾಗದಲ್ಲಿ ‘ಹೋಮ್ ಸಿಎಸ್‌ಸಿ’ ಫೈಲ್ ಹಾಕಿ. ಬರೀ ಸಿಎಸ್‌ಸಿ ಹಾಕಿದರೆ ಫೋಟೊ, ಮೆಸೇಜು ಎಲ್ಲ ಅಳಿಸಿಹೋಗುತ್ತವೆ.