ಹನ್ನೆರಡು ಮೇಕಪ್ ಬ್ರಷ್‌ಗಳ ಸೆಟ್: ಕೂದಲು ಚೆನ್ನ, ಕೊರಳು ಸಡಿಲ

ಈ ಸೆಟ್ಟಿನ ಕೂದಲಿನ ಬಗ್ಗೆ ನನ್ನ ತಕರಾರಿಲ್ಲ. ಇರುವ ತಕರಾರೆಲ್ಲ ಕೊರಳಿನದು. ಕೂದಲಿಗೂ ಕಟ್ಟಿಗೆಯ ಹಿಡಿಗೂ ನಡುವೆ ಒಂದು ತಗಡಿನ ಕೊಳವೆ ಇರುತ್ತದಲ್ಲ, ಫೆರೂಲ್ ಅಂತಾರೆ, ಅದು. ಆನ್‌ಲೈನ್‌ನಲ್ಲಿ ಬ್ರಷ್ ಆರಿಸುವಾಗ ಯಾರೂ ಅದರ ಕಡೆ ಕಣ್ಣು ಹಾಯಿಸುವುದಿಲ್ಲ. ಹಿಡಿಯ ಬಣ್ಣ ನೋಡುತ್ತೇವೆ, ಜೊತೆಗೆ ಬರುವ ಪೌಚ್ ನೋಡುತ್ತೇವೆ, ಎಷ್ಟು ಬ್ರಷ್ ಅಂತ ಎಣಿಸುತ್ತೇವೆ.

ನಾನು ವಿಜಯಪುರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬ್ಲೌಸ್ ಹೊಲಿಸಿದ ಮನೆಯವರೇ "ಮದುವೆ ದಿನ ಮುಖಾನೂ ನೀನೇ ಮಾಡಿಬಿಡವ್ವ" ಅನ್ನುತ್ತಿದ್ದರು. ಮೇಕಪ್ ಶುರುವಾದದ್ದು ಹಾಗೆ. ಪಾರ್ಲರ್ ಬೋರ್ಡಿಲ್ಲ, ಎಸಿ ಇಲ್ಲ. ಹಳ್ಳಿ ಮದುವೆಗೆ ಬಸ್ಸಲ್ಲಿ ಹೋಗಿ ಬರುವ ಕೆಲಸ. ಹಾಗಾಗಿ ಬ್ರಷ್ಷಿಗೆ ಸಾವಿರದ ಮೇಲೆ ಸುರಿಯುವ ಮಾತೇ ಇರಲಿಲ್ಲ. ಈ ಸೆಟ್ 899 ರೂಪಾಯಿಗೆ ಬಂತು. ಹೋದ ವರ್ಷ ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ತರಿಸಿದ್ದು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ದೊಡ್ಡ ಪೌಡರ್ ಬ್ರಷ್ ನಿಜಕ್ಕೂ ಮೆತ್ತಗಿದೆ. ಕೂದಲು ಸಿಂಥೆಟಿಕ್, ತುದಿ ಸಣ್ಣಗೆ ಇಳಿದಿದೆ, ಚುಚ್ಚುವುದಿಲ್ಲ. ಡಬ್ಬಿಯಲ್ಲಿ ಅದ್ದಿ, ಮಣಿಕಟ್ಟಿನ ಮೇಲೆ ಒಮ್ಮೆ ತಟ್ಟಿ, ಆಮೇಲೆ ಮುಖಕ್ಕೆ. ಈ ತಟ್ಟುವ ಅಭ್ಯಾಸ ಬಿಟ್ಟರೆ ಯಾವ ಬ್ರಷ್ ಕೊಂಡರೂ ಮುಖ ಹಿಟ್ಟು ಬಳಿದ ಹಾಗೇ ಕಾಣುತ್ತದೆ. ಹುಬ್ಬಿಗೆ ಬರುವ ಓರೆ ಬ್ರಷ್ ಇನ್ನೂ ಚೆನ್ನ. ಚೂರು ಕಂದು ಪುಡಿ ತಗೊಂಡು ಹುಬ್ಬಿನ ಬಾಲದ ಕಡೆ ಎರಡು ಗೀರು ಎಳೆದರೆ ಸಾಕು, ಪೆನ್ಸಿಲ್ ಬೇಡ.

ಇಲ್ಲಿನ ಮದುಮಗಳ ಮುಖಕ್ಕೆ ಬ್ರಷ್ ಇಡುವವರಿಗೆ ಒಂದು ವಿಷಯ ಗೊತ್ತಿರಬೇಕು. ಅರಿಶಿಣ. ಸುರಗಿ ಸ್ನಾನ ಮುಗಿಸಿ ಬಂದ ಹುಡುಗಿಯ ಕಿವಿಯ ಹಿಂದೆ, ಕೂದಲಿನ ಅಂಚಲ್ಲಿ ಅರಿಶಿಣ ಕೂತೇ ಇರುತ್ತದೆ. ಬಿಳಿ ಕೂದಲಿನ ಬ್ರಷ್ ಆ ಜಾಗಕ್ಕೆ ತಾಗಿದರೆ ಮುಗಿಯಿತು. ಬಟ್ಟೆ ಸೋಪಿನಿಂದ ತೊಳೆದರಂತೂ ಹಳದಿ ಹೋಗುವ ಬದಲು ಕೆಂಪಾಗಿ ತಿರುಗುತ್ತದೆ. ಅರಿಶಿಣದ ಗುಣವೇ ಅದು. ಸೋಪಿನ ಕ್ಷಾರ ತಾಗಿದರೆ ಕೆಂಪು, ನಿಂಬೆ ರಸದ ಹುಳಿ ತಾಗಿದರೆ ಮತ್ತೆ ಹಳದಿ. ಹೆದರಬೇಡಿ. ಬಿಸಿಲಲ್ಲಿ ಇಟ್ಟರೆ ಅರಿಶಿಣದ ಬಣ್ಣ ತಾನೇ ಬಿಳುಚುತ್ತಾ ಹೋಗುತ್ತದೆ, ಬಿಸಿಲಿಗೆ ನಮ್ಮೂರಲ್ಲಿ ಬರವಿಲ್ಲ. ಈ ಸೆಟ್ಟಿನ ಬಿಳಿ ಕೂದಲು ಇದನ್ನೆಲ್ಲ ತಡೆದುಕೊಂಡಿತು ಅನ್ನೋದು ಅದರ ಹೆಚ್ಚುಗಾರಿಕೆ. ಆದರೂ ಇನ್ನು ಮುಂದೆ ಕೊಂಡರೆ ಕಂದು ಕೂದಲಿನದೇ ಕೊಳ್ಳುತ್ತೇನೆ.

ಇನ್ನು ನೀರು. ನಮ್ಮ ಓಣಿಯ ಬೋರ್‌ವೆಲ್ ನೀರು ಸವಳು. ಆ ನೀರಿಗೆ ಸೋಪು ಹಾಕಿದರೆ ನೊರೆ ಬರುವ ಮೊದಲು ಬಿಳಿ ಗಷ್ಟು ಬರುತ್ತದೆ, ಅದು ಕೂದಲಿಗೆ ಅಂಟಿ ಒಣಗಿದ ಮೇಲೆ ಬ್ರಷ್ ಬಿರುಸಾಗುತ್ತದೆ. ಶಾಂಪೂವಿನಲ್ಲಿ ಆ ರಗಳೆ ಕಡಿಮೆ. ಅಂಗೈಯಲ್ಲಿ ಒಂದು ಹನಿ ಬೇಬಿ ಶಾಂಪೂ, ಅದರ ಮೇಲೆ ಬ್ರಷ್ ಸುಮ್ನೆ ಸುತ್ತಿಸುವುದು, ಕೂದಲು ಕೆಳಗೆ ಮಾಡಿ ನೀರು ಬಿಡುವುದು. ಕೊನೆಯ ನೀರು ಮಾತ್ರ ಶುದ್ಧ ನೀರಿನ ಘಟಕದ ಕ್ಯಾನಿನಿಂದ. "ಕುಡಿಯೋ ನೀರಲ್ಲಿ ಬ್ರಷ್ ತೊಳೀತಾಳೆ" ಅಂತ ಅತ್ತೆ ಗೊಣಗುತ್ತಾರೆ, ಗೊಣಗಲಿ. ಆಮೇಲೆ ಲೈನಿಂಗ್ ಬಟ್ಟೆಯ ಚೂರೊಂದನ್ನು ಕೂದಲಿಗೆ ಸಡಿಲಾಗಿ ಸುತ್ತುತ್ತೇನೆ, ಆಕಾರ ಕೆಡುವುದಿಲ್ಲ. ಹೊಲಿಗೆ ಟೇಬಲ್ಲಿನ ಅಂಚಿನಲ್ಲಿ ತಲೆ ಹೊರಗೆ ಚಾಚಿಸಿ ಸಾಲಾಗಿ ಮಲಗಿಸಿ, ಹಿಡಿಗಳ ಮೇಲೆ ಕಬ್ಬಿಣದ ಸ್ಕೇಲ್ ಇಟ್ಟರೆ ರಾತ್ರಿ ಫ್ಯಾನಿನ ಗಾಳಿಗೆ ಉರುಳುವುದಿಲ್ಲ. ಒದ್ದೆ ಬ್ರಷ್ಷನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ನೀರು ಕೊರಳೊಳಗೆ ಇಳಿಯುತ್ತದೆ, ಒಳಗಿನ ಅಂಟು ಬಿಡುತ್ತದೆ, ಕಟ್ಟಿಗೆ ಉಬ್ಬಿ ಬಣ್ಣ ಸಿಡಿಯುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದರೂ ಏಪ್ರಿಲ್‌ನಲ್ಲಿ ಫೌಂಡೇಶನ್ ಬ್ರಷ್ಷಿನ ಕೊರಳು ಅಲ್ಲಾಡತೊಡಗಿತು. ಇಲ್ಲಿನ ಒಣ ಬೇಸಿಗೆಗೆ ಬಾಗಿಲ ಚೌಕಟ್ಟೇ ಕುಗ್ಗಿ ಸಂದಿ ಬಿಡುತ್ತದೆ, ಪೆನ್ಸಿಲ್ ದಪ್ಪದ ಹಿಡಿ ಕುಗ್ಗದೆ ಇರುತ್ತದಾ? ಆದರೆ ಗಟ್ಟಿಯಾಗಿ ಅದುಮಿದ ಕೊಳವೆ ಅದನ್ನೂ ಹಿಡಿದುಕೊಳ್ಳಬೇಕು. ಇದು ಹಿಡಿಯಲಿಲ್ಲ. ಇಂಡಿ ಕಡೆಯ ಒಂದು ಮದುವೆಯಲ್ಲಿ ಮದುಮಗಳ ಕೆನ್ನೆಗೆ ಒತ್ತುತ್ತಿದ್ದಾಗ ತಲೆ ಕಳಚಿ, ಅವಳ ಇಳಕಲ್ ಸೀರೆಯ ಮಡಿಲಿಗೇ ಬಿತ್ತು. ನನ್ನ ಕೈಯಲ್ಲಿ ಬರೀ ಕಡ್ಡಿ. ಹುಡುಗಿ ನಕ್ಕಳು, ಅವಳ ಚಿಕ್ಕಮ್ಮ ನಗಲಿಲ್ಲ. ಉಳಿದ ಕೆನ್ನೆಯನ್ನು ಬೆರಳಲ್ಲೇ ಮುಗಿಸಿದೆ. ಮಾರಿದವರಿಗೆ ಬರೆದರೆ "ಬ್ರಷ್ ನೆನೆಸಿಡಬೇಡಿ, ವಾಪಸ್ ಅವಧಿ ಮುಗಿದಿದೆ" ಅಂತ ಅಚ್ಚು ಹಾಕಿದ ಉತ್ತರ. ಅದಾದ ಮೇಲೆ ಇನ್ನೂ ಮೂರರ ಕೊರಳು ಸಡಿಲಾಯಿತು.

ಎಸೆಯುವವಳೇ ಇದ್ದೆ. ನಮ್ಮ ಓಣಿಯಲ್ಲಿ ಚಿನ್ನದ ಕೆಲಸ ಮಾಡುವ ಪತ್ತಾರರಿಗೆ ಸುಮ್ನೆ ತೋರಿಸಿದೆ, ತಗಡಿನ ಕೆಲಸ ಅವರದೇ ಅಲ್ವಾ. ಅವರು ಕೊಳವೆ ತಿರುಗಿಸಿ ಉದ್ದಕ್ಕೂ ಇದ್ದ ಸಣ್ಣ ಗೆರೆ ತೋರಿಸಿದರು. ತೆಳು ಅಲ್ಯೂಮಿನಿಯಂ ತಗಡನ್ನು ಸುತ್ತಿ ಕೂಡಿಸಿದ್ದು. ಒಳ್ಳೆಯ ಬ್ರಷ್ಷಿನಲ್ಲಿ ಕೊಳವೆಗೆ ಇಂಥ ಕೂಡು ಇರುವುದಿಲ್ಲ, ಹಿತ್ತಾಳೆಯದಾದರೆ ಇನ್ನೂ ಗಟ್ಟಿ, ಹಿಡಿ ಸೇರುವಲ್ಲಿ ಸುತ್ತಲೂ ಒಂದೆರಡು ಅದುಮಿದ ಉಂಗುರಗಳಿರುತ್ತವೆ. ನನ್ನದಕ್ಕೆ ಇದ್ದದ್ದು ಉಂಗುರದ ನೆರಳು ಮಾತ್ರ. ಎರಡು ಟ್ಯೂಬಿನ ಎಪಾಕ್ಸಿ ಅಂಟು ಕಲಸಿ, ತುಂಬಿ, ಇಕ್ಕಳದಿಂದ ಸುತ್ತ ಅದುಮಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಬೀಸಣಿಗೆ ಆಕಾರದ ಬ್ರಷ್ ಕೇಳಿದರು, ಚಿನ್ನದ ಅರದ ಪುಡಿ ಗುಡಿಸಲಿಕ್ಕೆ. ಮುಖಕ್ಕೆ ಅದನ್ನು ನಾನು ಬಳಸಿದ್ದೇ ಇಲ್ಲ, ಕೊಟ್ಟುಬಿಟ್ಟೆ. ಅವರು ಅದುಮಿ ಕೊಟ್ಟದ್ದೆಲ್ಲ ಈಗಲೂ ಗಟ್ಟಿ. ಅಂದರೆ ಕೂದಲಿಗೆ ಖರ್ಚು ಮಾಡಿದ ಕಂಪನಿ ಒಂದು ಇಕ್ಕಳದ ಒತ್ತಿಗೆ ಜಿಪುಣತನ ಮಾಡಿದೆ.

ಹೀಗಾಗಿ ಈಗ ಬಿಡಿಯಾಗಿ ಕೊಳ್ಳುತ್ತೇನೆ, ಅದೂ ಕೈಯಲ್ಲಿ ಹಿಡಿದು ನೋಡಿ. ಎಲ್‌ಬಿಎಸ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಪ್ಯಾಕೆಟ್ ಬಿಚ್ಚಲು ಬಿಡುತ್ತಾರೆ, ಸ್ವಲ್ಪ ಮುಖ ಗಂಟು ಹಾಕಿಕೊಂಡೇ ಬಿಡುತ್ತಾರೆ. ಒಂದು ಕೈಯಲ್ಲಿ ಕೊರಳು, ಇನ್ನೊಂದರಲ್ಲಿ ಹಿಡಿ ಹಿಡಿದು ತಿರುಚಿ. ಕೂದಲು ಹಗುರಾಗಿ ಎಳೆಯಿರಿ. ಅಂಗೈ ಹಿಂಬದಿಗೆ ಒತ್ತಿ ಬಿಟ್ಟರೆ ಬ್ರಷ್ಷಿನ ತಲೆ ಮತ್ತೆ ಎದ್ದು ನಿಲ್ಲಬೇಕು. ಫೌಂಡೇಶನ್‌ಗೆ ಒತ್ತಾದ ಸಿಂಥೆಟಿಕ್, ಪೌಡರಿಗೆ ಸಡಿಲವಾದದ್ದು, ಹುಬ್ಬಿಗೆ ಓರೆ, ಕಣ್ಣಿಗೆ ಒಂದು ಚಪ್ಪಟೆ ಒಂದು ಉಬ್ಬು. ಇಷ್ಟಿದ್ದರೆ ಮದುವೆ ಮೇಕಪ್ ಆಗುತ್ತದೆ. ಬೇಸ್‌ಗೆ ತೆಗೆದುಕೊಂಡ ಒಂದು ಬಿಡಿ ಬ್ರಷ್ಷಿಗೇ 350 ಕೊಟ್ಟೆ, ನೋವಾಗಲಿಲ್ಲ.

ಮೇಕೆ ಕೂದಲಿನದು ಪೌಡರಿಗೆ ಚೆನ್ನಾಗಿರುತ್ತದೆ. ಆ ಕೂದಲಿನ ಮೇಲೆ ಸಣ್ಣ ಹೊರಪದರಗಳಿರುತ್ತವೆ, ಪುಡಿ ಹಿಡಿದುಕೊಳ್ಳುತ್ತದೆ. ಜಪಾನಿನ ಹಿರೋಶಿಮಾ ಬಳಿಯ ಕುಮಾನೊ ಊರು ಬ್ರಷ್ ಮಾಡುವ ಕಸುಬಿಗೇ ಹೆಸರಾದದ್ದು. 2011ರಲ್ಲಿ ವಿಶ್ವಕಪ್ ಗೆದ್ದ ಜಪಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಸರ್ಕಾರದ ಗೌರವದ ಜೊತೆ ಉಡುಗೊರೆಯಾಗಿ ಕೊಟ್ಟದ್ದು ಕುಮಾನೊ ಮೇಕಪ್ ಬ್ರಷ್‌ಗಳನ್ನೇ. ನನ್ನ ಬಜೆಟ್ಟಿಗೆ ಅವು ದೂರ. "ಇದು ಪ್ರಾಣಿ ಕೂದಲಾ?" ಅಂತ ಮುಖ ಹಿಂದೆ ಸರಿಸುವ ಗಿರಾಕಿಗಳೂ ಇದ್ದಾರೆ, ಸಿಂಥೆಟಿಕ್‌ನಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ.

ಈ ಸೆಟ್ಟಿಗೆ ಐದಕ್ಕೆ ಮೂರು. ಮನೆಯಲ್ಲಿ ತಮಗೆ ತಾವೇ ಮೇಕಪ್ ಮಾಡಿಕೊಳ್ಳುವವರಿಗೆ ಪರವಾಗಿಲ್ಲ, ಅವರು ನನ್ನಷ್ಟು ಜಾಸ್ತಿ ಒತ್ತುವುದಿಲ್ಲ, ತೊಳೆಯುವುದೂ ಇಲ್ಲ. ಗಿರಾಕಿ ಮುಖಕ್ಕೆ ಬೇಡ. ಈಗ ಅದೇ ಅಂಗಡಿ ಇಪ್ಪತ್ನಾಲ್ಕರ ಸೆಟ್ ಬಿಟ್ಟಿದೆ. ಕೆಳಗಿನ ಪ್ರಶ್ನೆ ಜಾಗದಲ್ಲಿ "ಫೆರೂಲ್ ಗಟ್ಟಿಯಾಗಿ ಅದುಮಿದ್ದೀರಾ?" ಅಂತ ಕೇಳಿದ್ದೆ. ಉತ್ತರ ಬಂದಿದೆ: "ಹೌದು ಮೇಡಂ, ಪಿಂಕ್ ಬಣ್ಣದಲ್ಲೂ ಲಭ್ಯ."